ಕಲ್ಲಿದ್ದಲಿನಿಂದ ಡೀಸೆಲ್: ಶಕ್ತಿನಗರದ ಲೆಕ್ಕದಲ್ಲಿ ನೋಡಿದರೆ

ಡೀಸೆಲ್ ದರ ಏರಿದಾಗಲೆಲ್ಲ ಒಂದು ಮಾತು ಮತ್ತೆ ಕೇಳಿಬರುತ್ತದೆ. ನಮ್ಮ ದೇಶ 2024-25ರಲ್ಲಿ ನೂರು ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ತೆಗೆಯಿತು. ಕಚ್ಚಾತೈಲವನ್ನು ಮಾತ್ರ ನೂರಕ್ಕೆ 85 ಪಾಲಿಗಿಂತ ಹೆಚ್ಚು ಹೊರಗಿನಿಂದಲೇ ತರಿಸಿಕೊಳ್ಳುತ್ತದೆ. ಹಾಗಿದ್ದರೆ ಇದ್ದ ಕಲ್ಲಿದ್ದಲನ್ನೇ ಎಣ್ಣೆ ಮಾಡಿಕೊಂಡರೆ ಆಗದೇ?

ರಾಯಚೂರಿನವರಿಗೆ ಈ ಪ್ರಶ್ನೆ ದೂರದ್ದಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರಕ್ಕೆ ಹಗಲು ರಾತ್ರಿ ಕಲ್ಲಿದ್ದಲಿನ ರೇಕ್‌ಗಳು, ಅಂದರೆ ಗೂಡ್ಸ್ ರೈಲುಗಳು, ಬರುತ್ತವೆ. ಅತ್ತ ಸಿಂಧನೂರು, ಗಂಗಾವತಿ ಕಡೆ ಸುಗ್ಗಿ ಬಂತೆಂದರೆ ಭತ್ತ ಕೊಯ್ಯುವ ಯಂತ್ರ, ಟ್ರ್ಯಾಕ್ಟರ್, ಲಾರಿ ಎಲ್ಲಕ್ಕೂ ಡೀಸೆಲ್ಲೇ ಬೇಕು. ಸಂಡೂರಿನಿಂದ ಅದಿರು ಇಳಿಸುವ ಲಾರಿಗಳ ಬಾಡಿಗೆ ನಿಂತಿರುವುದೂ ಅದರ ದರದ ಮೇಲೆ. “ಇಷ್ಟು ಕಲ್ಲಿದ್ದಲು ಸುಟ್ಟು ಬೂದಿ ಮಾಡೋ ಬದಲು ಡೀಸೆಲ್ ಮಾಡಬಾರದೇನ್ರಿ?” ಎಂದು ರೈತನೊಬ್ಬ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ನೆಟ್ಟಗೆ ಉತ್ತರ ಕೊಡುವುದು ಈ ಬರಹದ ಉದ್ದೇಶ.

ಮಾಡಬಹುದು. ಮಾಡುವ ವಿದ್ಯೆಗೆ ನೂರು ವರ್ಷವಾಗಿದೆ, ದೊಡ್ಡ ಕಾರ್ಖಾನೆಗಳು ಇಂದಿಗೂ ನಡೆಯುತ್ತಿವೆ. ಆದರೆ ಕಲ್ಲಿದ್ದಲಿಗೆ ಹುಟ್ಟಿನಿಂದಲೇ ಒಂದು ಕೊರತೆಯಿದೆ. ಈ ಯೋಜನೆಗಳ ಖರ್ಚು, ಹೊಗೆ, ನೀರು ಇವುಗಳ ಮುಖ್ಯ ಬೇರು ಆ ಕೊರತೆಯಲ್ಲಿದೆ.

ಹೈಡ್ರೋಜನ್ ಸಾಲದು

ಕಲ್ಲಿದ್ದಲೂ ಡೀಸೆಲ್ಲೂ ಮುಖ್ಯವಾಗಿ ಎರಡೇ ಧಾತುಗಳಿಂದ ಆದವು: ಇಂಗಾಲ ಮತ್ತು ಹೈಡ್ರೋಜನ್. ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಡೀಸೆಲ್ಲಿನಲ್ಲಿ ಹತ್ತು ಇಂಗಾಲದ ಪರಮಾಣುಗಳಿಗೆ ಸುಮಾರು ಇಪ್ಪತ್ತು ಹೈಡ್ರೋಜನ್ ಪರಮಾಣುಗಳಿರುತ್ತವೆ. ಕಲ್ಲಿದ್ದಲಿನಲ್ಲಿ ಅದೇ ಹತ್ತಕ್ಕೆ ಏಳೆಂಟು ಮಾತ್ರ. ಎಣ್ಣೆ ಹರಿಯುವುದಕ್ಕೂ ಕಲ್ಲಿದ್ದಲು ಕಲ್ಲಾಗಿ ಕೂತಿರುವುದಕ್ಕೂ ಇದು ದೊಡ್ಡ ಕಾರಣ.

ಜೋಳದ ಹಿಟ್ಟು ನಾದುವವರಿಗೆ ಇದು ಬೇಗ ಹೊಳೆಯುತ್ತದೆ. ಹಿಟ್ಟು ಗಟ್ಟಿಯಾಗಿ ರೊಟ್ಟಿ ಒಡೆಯುತ್ತಿದ್ದರೆ ಒಂದೋ ಬಿಸಿನೀರು ಸೇರಿಸಬೇಕು, ಇಲ್ಲವೇ ಇರುವ ನೀರಿಗೆ ತಕ್ಕಷ್ಟು ಹಿಟ್ಟು ತೆಗೆದಿಡಬೇಕು. ಕಲ್ಲಿದ್ದಲನ್ನು ಎಣ್ಣೆ ಮಾಡುವವರ ಮುಂದೆಯೂ ಇರುವುದು ಇವೆರಡೇ ಉಪಾಯ: ಹೊರಗಿನಿಂದ ಹೈಡ್ರೋಜನ್ ಸೇರಿಸುವುದು, ಇಲ್ಲವೇ ಹೆಚ್ಚಾದ ಇಂಗಾಲವನ್ನು ಹೊರಹಾಕುವುದು. ಹೊರಹಾಕಿದ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೋಗುತ್ತದೆ. ಸೇರಿಸುವ ಹೈಡ್ರೋಜನ್ ಬರುವುದು ನೀರಿನಿಂದ. ನೀರಿನಿಂದ ಅದನ್ನು ಬಿಡಿಸಲು ಮತ್ತೆ ಶಕ್ತಿ ಬೇಕು, ಆ ಶಕ್ತಿಗಾಗಿ ಸುಡುವುದು ಅದೇ ಕಲ್ಲಿದ್ದಲನ್ನು. ಯಾವ ಉಪಾಯ ಹಿಡಿದರೂ ಕಲ್ಲಿದ್ದಲಿನ ಒಂದು ದೊಡ್ಡ ಪಾಲು ಎಣ್ಣೆಯಾಗದೆ ಹೋಗುತ್ತದೆ.

ಎರಡು ದಾರಿ

ಮೊದಲ ದಾರಿಯನ್ನು ಜರ್ಮನಿಯ ಫ್ರೆಡರಿಕ್ ಬೆರ್ಗಿಯಸ್ 1913ರಲ್ಲಿ ಪೇಟೆಂಟ್ ಮಾಡಿಸಿದ. ಕಲ್ಲಿದ್ದಲನ್ನು ನುಣ್ಣಗೆ ಪುಡಿ ಮಾಡಿ, ಭಾರವಾದ ಎಣ್ಣೆಯಲ್ಲಿ ಕಲಸಿ, 400 ಡಿಗ್ರಿಗೂ ಹೆಚ್ಚು ಬಿಸಿಯಲ್ಲಿ, ವಾತಾವರಣದ ಒತ್ತಡದ ನೂರಾರು ಪಟ್ಟು ಒತ್ತಡದಲ್ಲಿ ಹೈಡ್ರೋಜನ್ ಹಾಯಿಸುವುದು. ಕಲ್ಲಿದ್ದಲಿನ ದೊಡ್ಡ ಅಣುಗಳು ಒಡೆದು, ಒಡೆದಲ್ಲಿ ಹೈಡ್ರೋಜನ್ ಕೂತು, ಎಣ್ಣೆಯಾಗುತ್ತದೆ. ಇದು ನೇರ ದ್ರವೀಕರಣ. ಬೆರ್ಗಿಯಸ್‌ಗೆ 1931ರಲ್ಲಿ ಕಾರ್ಲ್ ಬಾಷ್ ಜೊತೆ ನೊಬೆಲ್ ಬಂತು. ಈ ದಾರಿಗೆ ಬೂದಿ ಕಡಿಮೆಯಿರುವ ಒಳ್ಳೆಯ ಕಲ್ಲಿದ್ದಲು ಬೇಕು. ನಮ್ಮ ದೇಶದ ಬಹುಪಾಲು ಕಲ್ಲಿದ್ದಲಿಗೆ ಇದು ಒಗ್ಗುವುದಿಲ್ಲ, ಹಾಗಾಗಿ ಇಲ್ಲಿ ಇದನ್ನು ಇಷ್ಟಕ್ಕೇ ಬಿಡೋಣ.

ಎರಡನೆಯದು ಸುತ್ತುದಾರಿ. ನಮಗೆ ಸಂಬಂಧಪಟ್ಟದ್ದು ಇದೇ. ಮೊದಲು ಕಲ್ಲಿದ್ದಲನ್ನು ಪೂರ್ತಿ ಅನಿಲ ಮಾಡಬೇಕು, ಆಮೇಲೆ ಆ ಅನಿಲದಿಂದ ಎಣ್ಣೆಯನ್ನು ಹೊಸದಾಗಿ ಕಟ್ಟಬೇಕು.

ಅನಿಲ ಮಾಡುವ ಕುಲುಮೆಗೆ ಗ್ಯಾಸಿಫೈಯರ್ ಎನ್ನುತ್ತಾರೆ. ಅದರೊಳಗೆ ಕಲ್ಲಿದ್ದಲಿನ ಜೊತೆ ಹಬೆ ಮತ್ತು ಆಮ್ಲಜನಕ ಬಿಡುತ್ತಾರೆ. ಆಮ್ಲಜನಕ ಪೂರ್ತಿ ಉರಿಯಲು ಸಾಲದಷ್ಟೇ ಇರುತ್ತದೆ. ಕಲ್ಲಿದ್ದಲು ಅರೆಬರೆ ಉರಿದು ಬಿಸಿ ಕೊಡುತ್ತದೆ. ಆ ಬಿಸಿಯಲ್ಲಿ ಕಾದ ಇಂಗಾಲ, ಹಬೆಯಿಂದ ಆಮ್ಲಜನಕವನ್ನು ಕಿತ್ತುಕೊಂಡು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಈ ಎರಡು ಅನಿಲಗಳ ಮಿಶ್ರಣವೇ ಸಿನ್‌ಗ್ಯಾಸ್. ಗಾಳಿಯನ್ನೇ ಊದಿದರೆ ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚಿರುವ ಸಾರಜನಕ ಎಲ್ಲವನ್ನೂ ತೆಳುವಾಗಿಸಿಬಿಡುತ್ತದೆ. ಆದ್ದರಿಂದ ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ದೊಡ್ಡ ಘಟಕವೂ ಪಕ್ಕದಲ್ಲೇ ಬೇಕು.

ಇದು ಬಳ್ಳಾರಿ ಜಿಲ್ಲೆಗೆ ಹೊಸದೇನಲ್ಲ. ತೋರಣಗಲ್ಲಿನ ಜಿಂದಾಲ್ ಉಕ್ಕು ಕಾರ್ಖಾನೆಯಲ್ಲಿ 1999ರಿಂದ ಕೋರೆಕ್ಸ್ ಎಂಬ ಘಟಕಗಳಿವೆ. ಅಲ್ಲಿ ಆಮ್ಲಜನಕ ಊದಿ ಹೊರದೇಶದ ಕಲ್ಲಿದ್ದಲನ್ನು ಅನಿಲ ಮಾಡಿ, ಆ ಅನಿಲದಿಂದಲೇ ಅದಿರಿನ ಆಮ್ಲಜನಕ ಕಳೆದು ಕಬ್ಬಿಣ ಇಳಿಸುತ್ತಾರೆ. ಉಳಿದ ಅನಿಲದಿಂದ ವಿದ್ಯುತ್ ತೆಗೆಯುತ್ತಾರೆ. 2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ತೋರಣಗಲ್ಲಿನಿಂದ ದ್ರವ ಆಮ್ಲಜನಕದ ಟ್ಯಾಂಕರ್‌ಗಳು ಆಸ್ಪತ್ರೆಗಳಿಗೆ ಓಡಿದ್ದು ಅನೇಕರಿಗೆ ನೆನಪಿರಬಹುದು. ಉಕ್ಕಿನ ಕಾರ್ಖಾನೆಯಲ್ಲಿ ಅಷ್ಟೊಂದು ಆಮ್ಲಜನಕ ಏಕಿತ್ತು ಎಂದರೆ, ಇಂಥ ಕೆಲಸಗಳಿಗೆ.

ಈಗ ಎರಡನೇ ಹಂತ. 1920ರ ದಶಕದಲ್ಲಿ ಜರ್ಮನಿಯ ಮ್ಯೂಲ್‌ಹೈಮ್ ಊರಿನ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯಲ್ಲಿ ಫ್ರಾನ್ಸ್ ಫಿಷರ್ ಮತ್ತು ಹಾನ್ಸ್ ಟ್ರೋಪ್ಶ್ ಎಂಬ ಇಬ್ಬರು, ಸಿನ್‌ಗ್ಯಾಸನ್ನು ಬಿಸಿಯಾದ ಕಬ್ಬಿಣ ಅಥವಾ ಕೋಬಾಲ್ಟ್ ಮೇಲೆ ಹಾಯಿಸಿದರೆ ಎಣ್ಣೆ ಹುಟ್ಟುತ್ತದೆಂದು ತೋರಿಸಿದರು. ಕಬ್ಬಿಣ ಇಲ್ಲಿ ಕ್ರಿಯಾವರ್ಧಕ, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕಾಗಿಸುವ ವಸ್ತು. ಕಾರ್ಬನ್ ಮಾನಾಕ್ಸೈಡ್ ಅದರ ಮೇಲ್ಮೈಗೆ ಅಂಟಿಕೊಳ್ಳುತ್ತದೆ, ಹೈಡ್ರೋಜನ್ ಬಂದು ಅದರ ಆಮ್ಲಜನಕವನ್ನು ನೀರಾಗಿ ಒಯ್ಯುತ್ತದೆ, ಉಳಿದ ಇಂಗಾಲಕ್ಕೆ ಇನ್ನೆರಡು ಹೈಡ್ರೋಜನ್ ಸೇರುತ್ತವೆ. ಹೀಗೆ ಸಿದ್ಧವಾದ ತುಣುಕುಗಳು ಒಂದಕ್ಕೊಂದು ಜೋಡಿಸಿಕೊಂಡು ಸರಪಳಿ ಬೆಳೆಯುತ್ತದೆ. ಒಂದೇ ಇಂಗಾಲದಲ್ಲಿ ನಿಂತರೆ ಮೀಥೇನ್, ಮೂರು ನಾಲ್ಕಾದರೆ ಅಡುಗೆ ಅನಿಲ, ಐದರಿಂದ ಹನ್ನೊಂದರವರೆಗೆ ಪೆಟ್ರೋಲ್, ಹನ್ನೆರಡರಿಂದ ಇಪ್ಪತ್ತರ ಹತ್ತಿರ ಡೀಸೆಲ್, ಅದಕ್ಕೂ ಉದ್ದವಾದರೆ ಮೇಣ. ಎಲ್ಲಿ ನಿಲ್ಲಬೇಕೆಂದು ಕರಾರುವಾಕ್ಕಾಗಿ ಹೇಳಿ ನಿಲ್ಲಿಸಲಾಗದು. ಎಲ್ಲವೂ ಬೆರೆತು ಬರುತ್ತವೆ, ಆಮೇಲೆ ಬೇರ್ಪಡಿಸಿ ಮೇಣವನ್ನು ಒಡೆಯಬೇಕು.

ಈ ಜೋಡಣೆಗೆ ಒಂದು ಪಾಲು ಕಾರ್ಬನ್ ಮಾನಾಕ್ಸೈಡಿಗೆ ಎರಡು ಪಾಲು ಹೈಡ್ರೋಜನ್ ಬೇಕು. ಕಲ್ಲಿದ್ದಲಿನ ಅನಿಲದಲ್ಲಿ ಅಷ್ಟಿರುವುದಿಲ್ಲ. ಕೋರೆಕ್ಸ್ ಬಗೆಯ ಅನಿಲದಲ್ಲಿ ಹೈಡ್ರೋಜನ್ ಪಾಲು ಮಾನಾಕ್ಸೈಡಿನ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಒಂದಿಷ್ಟು ಮಾನಾಕ್ಸೈಡನ್ನು ಮತ್ತೆ ಹಬೆಯ ಜೊತೆ ಬೆರೆಸಿ ಹೈಡ್ರೋಜನ್ ಪಡೆಯುತ್ತಾರೆ. ಆ ಮಾನಾಕ್ಸೈಡ್ ಡೈಆಕ್ಸೈಡ್ ಆಗಿ ವ್ಯರ್ಥವಾಗುತ್ತದೆ. ಇಷ್ಟು ಕಷ್ಟಪಟ್ಟು ತಂದ ಹೈಡ್ರೋಜನ್ ಕೂಡ ಎಣ್ಣೆಗೆ ಸೇರುವುದು ಅರ್ಧವೇ. ಇನ್ನರ್ಧ ಆಮ್ಲಜನಕವನ್ನು ಹೊತ್ತೊಯ್ಯಲು ನೀರಾಗಿ ಹೋಗುತ್ತದೆ. ತೂಕದಲ್ಲಿ ನೋಡಿದರೆ 14 ಕಿಲೋ ಎಣ್ಣೆ ಹುಟ್ಟುವಾಗ 18 ಕಿಲೋ ನೀರೂ ಹುಟ್ಟುತ್ತದೆ. ಕಾರ್ಖಾನೆಯ ಬಾಗಿಲಲ್ಲಿ ನಿಂತು ಲೆಕ್ಕ ಹಿಡಿದರೆ, ಒಳಗೆ ಹೋದ ಕಲ್ಲಿದ್ದಲಿನ ಇಂಗಾಲದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಮಾತ್ರ ಎಣ್ಣೆಯಾಗಿ ಹೊರಬರುತ್ತದೆ. ಉಳಿದದ್ದು ಮುಖ್ಯವಾಗಿ ಹೊಗೆಯಲ್ಲಿ ಹೋಗುತ್ತದೆ.

ಬಂದ ಡೀಸೆಲ್ ಮಾತ್ರ ತುಂಬ ಶುದ್ಧ. ಗಂಧಕ ಇಲ್ಲವೇ ಇಲ್ಲ ಎನ್ನಬಹುದು, ಎಂಜಿನ್ನಿನಲ್ಲಿ ಚೆನ್ನಾಗಿ ಉರಿಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಕಲ್ಲಿದ್ದಲಿನಿಂದ ಮಾಡಿದ ವಿಮಾನ ಇಂಧನವನ್ನು ಸಾಮಾನ್ಯ ಇಂಧನದ ಜೊತೆ ಬೆರೆಸಲು 1999ರಲ್ಲೇ ಒಪ್ಪಿಗೆ ಸಿಕ್ಕಿತು. ಸರಕಿನ ಗುಣಮಟ್ಟದಲ್ಲಿ ದೋಷ ಹುಡುಕುವವರು ಯಾರೂ ಇಲ್ಲ.

ಇನ್ನೊಂದು ಕವಲೂ ಇದೆ. ಅದೇ ಸಿನ್‌ಗ್ಯಾಸಿನಿಂದ ಮೆಥನಾಲ್ ಮಾಡಿ ಪೆಟ್ರೋಲಿಗೆ ಬೆರೆಸುವುದು, ಇಲ್ಲವೇ ಅದರಿಂದ ಡೈಮೀಥೈಲ್ ಈಥರ್ ಮಾಡಿ ಅಡುಗೆ ಅನಿಲಕ್ಕೆ ಬೆರೆಸುವುದು. ಚೀನಾ ಮೆಥನಾಲ್ ದಾರಿಯಲ್ಲಿ ಬಹಳ ಮುಂದೆ ಹೋಗಿದೆ. ಮೆಥನಾಲ್ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿನ ಅರ್ಧದಷ್ಟು, ಜೊತೆಗೆ ಅದು ವಿಷ. ಕಳ್ಳಬಟ್ಟಿ ಸಾವುಗಳ ಸುದ್ದಿ ಓದಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಯಾರು ಮಾಡಿದರು, ಯಾವಾಗ ಮಾಡಿದರು

ಕಲ್ಲಿದ್ದಲಿನಿಂದ ಎಣ್ಣೆ ಮಾಡಿದ ದೇಶಗಳ ಕಥೆ ಓದಿದರೆ, ಎಣ್ಣೆ ಕೊಳ್ಳಲು ಬೇರೆ ದಾರಿ ಮುಚ್ಚಿದಾಗ ಅವು ಇದಕ್ಕೆ ಕೈ ಹಾಕಿದ್ದು ಕಾಣುತ್ತದೆ. ಎರಡನೇ ಮಹಾಯುದ್ಧದ ಜರ್ಮನಿಗೆ ಸಾಕಷ್ಟು ಎಣ್ಣೆಬಾವಿ ಇರಲಿಲ್ಲ, ಕಲ್ಲಿದ್ದಲು ಹೇರಳವಾಗಿತ್ತು. ಅದರ ಯುದ್ಧವಿಮಾನಗಳ ಪೆಟ್ರೋಲಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕಲ್ಲಿದ್ದಲಿನದೇ. 1944ರ ಮೇ ತಿಂಗಳಿಂದ ಮಿತ್ರರಾಷ್ಟ್ರಗಳು ಲಾಯ್ನಾ ಮುಂತಾದ ಕಾರ್ಖಾನೆಗಳ ಮೇಲೆ ಬಾಂಬ್ ಸುರಿಯತೊಡಗಿದ ಮೇಲೆ ವಿಮಾನಗಳು ಎಣ್ಣೆಯಿಲ್ಲದೆ ನೆಲ ಹಿಡಿದವು.

ದಕ್ಷಿಣ ಆಫ್ರಿಕಾ 1950ರಲ್ಲಿ ಸಾಸೋಲ್ ಕಂಪನಿ ಕಟ್ಟಿ, 1955ರಲ್ಲಿ ಸಾಸೋಲ್‌ಬರ್ಗ್‌ನಲ್ಲಿ ಎಣ್ಣೆ ಇಳಿಸಿತು. ವರ್ಣಭೇದ ನೀತಿಯ ಕಾರಣಕ್ಕೆ ಜಗತ್ತು ಅದಕ್ಕೆ ತೈಲ ನಿಲ್ಲಿಸತೊಡಗಿದಾಗ, 1979ರ ಕ್ರಾಂತಿಯ ನಂತರ ಇರಾನ್ ಕೂಡ ಕೈಬಿಟ್ಟಾಗ, ಸೆಕುಂಡಾ ಎಂಬಲ್ಲಿ 1980 ಮತ್ತು 1982ರಲ್ಲಿ ಎರಡು ಭಾರೀ ಕಾರ್ಖಾನೆಗಳು ಎದ್ದವು. ಸೆಕುಂಡಾದ ಸಾಮರ್ಥ್ಯ ದಿನಕ್ಕೆ ಸುಮಾರು 1,60,000 ಬ್ಯಾರೆಲ್. ಅದಕ್ಕಾಗಿ ವರ್ಷಕ್ಕೆ ಸುಮಾರು 4 ಕೋಟಿ ಟನ್ ಕಲ್ಲಿದ್ದಲು ಬೇಕು. ಅಲ್ಲಿಂದ ವರ್ಷಕ್ಕೆ 5 ಕೋಟಿ ಟನ್ನಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಒಂದೇ ಜಾಗದಿಂದ ಜಗತ್ತಿನಲ್ಲೇ ಅತಿ ಹೆಚ್ಚು ಹೊಗೆ ಬಿಡುವ ತಾಣವೆಂದು ಅದನ್ನು ಹೆಸರಿಸುತ್ತಾರೆ. ಮೊದಲ ಕಾರ್ಖಾನೆ ಸಾಸೋಲ್‌ಬರ್ಗ್ ಏನಾಯಿತು? 2004ರಲ್ಲಿ ಮೊಜಾಂಬಿಕ್‌ನಿಂದ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬಂದದ್ದೇ ತಡ, ಕಲ್ಲಿದ್ದಲು ಬಿಟ್ಟು ಅನಿಲಕ್ಕೆ ತಿರುಗಿತು. ನೈಸರ್ಗಿಕ ಅನಿಲದಲ್ಲಿ ಒಂದು ಇಂಗಾಲಕ್ಕೆ ನಾಲ್ಕು ಹೈಡ್ರೋಜನ್ ಇರುತ್ತವೆ. ಸಿಕ್ಕ ಕೂಡಲೇ ಕಲ್ಲಿದ್ದಲನ್ನು ಬಿಡಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಅಮೆರಿಕ 1980ರಲ್ಲಿ ಇದಕ್ಕೆಂದೇ ಒಂದು ಸರ್ಕಾರಿ ನಿಗಮ ಕಟ್ಟಿತು. ತೈಲದ ದರ ಬಿದ್ದೊಡನೆ, 1986ಕ್ಕೆ, ಅದನ್ನು ಮುಚ್ಚಿತು. ಚೀನಾ ಮಾತ್ರ ಪಟ್ಟು ಹಿಡಿದಿದೆ. 2008ರ ಕೊನೆಯಲ್ಲಿ ಒಳ ಮಂಗೋಲಿಯಾದ ಓರ್ಡೋಸ್‌ನಲ್ಲಿ ನೇರ ದ್ರವೀಕರಣದ ಕಾರ್ಖಾನೆ, 2016ರ ಕೊನೆಯಲ್ಲಿ ನಿಂಗ್ಶಿಯಾದಲ್ಲಿ ವರ್ಷಕ್ಕೆ 40 ಲಕ್ಷ ಟನ್ ಸಾಮರ್ಥ್ಯದ ಸುತ್ತುದಾರಿಯ ಕಾರ್ಖಾನೆ ಆರಂಭವಾದವು. ಗಣಿಯ ಬಾಯಲ್ಲೇ ಕಲ್ಲಿದ್ದಲು, ಸರ್ಕಾರದ ಬೊಕ್ಕಸ, ಸಮುದ್ರಮಾರ್ಗ ಮುಚ್ಚಿದರೆ ಗತಿಯೇನು ಎಂಬ ಭಯ. ಈ ಮೂರೂ ಒಟ್ಟಿಗೆ ಇದ್ದಲ್ಲಿ ಲಾಭನಷ್ಟದ ಲೆಕ್ಕ ಹಿಂದೆ ಸರಿಯುತ್ತದೆ.

ನಮ್ಮಲ್ಲೂ ಪ್ರಯತ್ನ ನಡೆದಿದೆ. 2008ರ ಜುಲೈನಲ್ಲಿ ಕಚ್ಚಾತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತ್ತು. ಮರುವರ್ಷ ಕೇಂದ್ರ ಸರ್ಕಾರ ಒಡಿಶಾದ ತಾಲ್ಚೇರ್ ಗಣಿಪ್ರದೇಶದ ಎರಡು ಬ್ಲಾಕ್‌ಗಳನ್ನು ಎಣ್ಣೆ ಮಾಡಲೆಂದೇ ಹಂಚಿತು. ಒಂದು ಟಾಟಾ ಮತ್ತು ಸಾಸೋಲ್ ಜಂಟಿ ಕಂಪನಿಗೆ, ಇನ್ನೊಂದು ಜಿಂದಾಲ್ ಸ್ಟೀಲ್ ಅಂಡ್ ಪವರ್‌ಗೆ. ಪ್ರತಿಯೊಂದಕ್ಕೂ ಹತ್ತಾರು ಸಾವಿರ ಕೋಟಿ ರೂಪಾಯಿ ಬಂಡವಾಳ ಬೇಕಿತ್ತು. ಹಂಚಿಕೆಗೂ ಮೊದಲೇ, ಅದೇ 2008ರ ಡಿಸೆಂಬರಿನಲ್ಲಿ, ತೈಲ 40 ಡಾಲರಿಗಿಂತ ಕೆಳಗಿಳಿದಿತ್ತು. ಕಾರ್ಖಾನೆಗಳು ಕಾಗದದಿಂದ ಏಳಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ 214 ಕಲ್ಲಿದ್ದಲು ಬ್ಲಾಕ್‌ಗಳ ಹಂಚಿಕೆ ರದ್ದು ಮಾಡಿದಾಗ ಇವೂ ಹೋದವು. ಕಟ್ಟಲು ಏಳೆಂಟು ವರ್ಷ ಹಿಡಿಯುವ ಕಾರ್ಖಾನೆ, ಆರು ತಿಂಗಳಲ್ಲಿ ಕಾಲುಭಾಗಕ್ಕೆ ಕುಸಿಯಬಲ್ಲ ತೈಲದ ದರ: ಬ್ಯಾಂಕಿನವರು ಹಿಂಜರಿಯುವುದು ಇಲ್ಲಿಯೇ.

ಬೂದಿಯ ಮಾತು

ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲ, ಸಿಗುವುದೂ ಇಲ್ಲ. ಸಂಡೂರಿನ ಗುಡ್ಡಗಳ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಭೂಮಿಯ ಮೇಲೆ ಗಿಡಮರ ಹುಟ್ಟುವುದಕ್ಕೆ ಎಷ್ಟೋ ಮುಂಚಿನದು. ಕಲ್ಲಿದ್ದಲಾಗಲು ಕಾಡು ಹೂತುಹೋಗಿರಬೇಕು. ಗೋದಾವರಿ ಕಣಿವೆಯಲ್ಲಿ 25-30 ಕೋಟಿ ವರ್ಷದ ಹಿಂದೆ ಹಾಗಾಯಿತು. ಅದೇ ತೆಲಂಗಾಣದ ಸಿಂಗರೇಣಿ ಗಣಿ, ನಮಗೆ ಹತ್ತಿರದ್ದು. ಅಲ್ಲಿಂದಲೂ, ಮಹಾರಾಷ್ಟ್ರ, ಒಡಿಶಾ ಕಡೆಯ ಗಣಿಗಳಿಂದಲೂ ಶಕ್ತಿನಗರಕ್ಕೆ ಕಲ್ಲಿದ್ದಲು ಬರುತ್ತದೆ.

ಆ ಕಾಲದಲ್ಲಿ ನಮ್ಮ ಕಾಡುಗಳು ಹೂತದ್ದು ಮಣ್ಣುಮರಳು ಬೆರೆತ ನದಿನೀರಿನಲ್ಲಿ. ಆದ್ದರಿಂದ ಭಾರತದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿ ಇರುತ್ತದೆ. ತೊಳೆದರೂ ಪೂರ್ತಿ ಹೋಗದು, ಮಣ್ಣು ಕಣಕಣದಲ್ಲಿ ಸೇರಿಕೊಂಡಿದೆ. ಹಾರುಬೂದಿಯ ಹೊಂಡಗಳ ಪಕ್ಕದ ಊರಿನವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಬೇಸಿಗೆಯ ಗಾಳಿಯಲ್ಲಿ ಅದು ಅವರ ಮನೆ, ಬೆಳೆ, ಉಸಿರಿನೊಳಗೆ ಬರುತ್ತದೆ.

ಗ್ಯಾಸಿಫೈಯರಿಗೆ ಈ ಬೂದಿ ದೊಡ್ಡ ಹೊರೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯ ಗ್ಯಾಸಿಫೈಯರ್ 1,400 ಡಿಗ್ರಿಗೂ ಮಿಗಿಲಾದ ಬಿಸಿಯಲ್ಲಿ ಬೂದಿಯನ್ನೇ ಕರಗಿಸಿ ಹರಿಯಬಿಡುತ್ತದೆ. ಹತ್ತು ಪಾಲು ಬೂದಿ ಕರಗಿಸುವುದು ಬೇರೆ, ನಲವತ್ತು ಪಾಲು ಕರಗಿಸುವುದು ಬೇರೆ. ಎಣ್ಣೆಗೆ ಹೋಗಬೇಕಾದ ಶಕ್ತಿ ಕಲ್ಲು ಕರಗಿಸಲು ಹೋಗುತ್ತದೆ. ನಮ್ಮ ಬೂದಿಗೆ ಹೊಂದುವ ಬೇರೆ ವಿನ್ಯಾಸಗಳ ಮೇಲೆ ಕೆಲಸ ನಡೆದಿದೆ. ಕೇಂದ್ರ ಸರ್ಕಾರದ ಭಾರೀ ಯಂತ್ರೋಪಕರಣ ಕಂಪನಿ ಬಿಎಚ್‌ಇಎಲ್‌ನ ಹೈದರಾಬಾದ್ ಕೇಂದ್ರದಲ್ಲಿ 2021ರಲ್ಲಿ ಹೆಚ್ಚು ಬೂದಿಯ ಕಲ್ಲಿದ್ದಲಿನಿಂದ ಮೆಥನಾಲ್ ಇಳಿಸಿ ತೋರಿಸಿದರು. ದಿನಕ್ಕೆ ಕಾಲು ಟನ್. ಅದು ಮೆಚ್ಚಬೇಕಾದ ಕೆಲಸವೇ. ಆದರೆ ಕಾಲು ಟನ್ನಿನಿಂದ ಸಾವಿರಾರು ಟನ್ನಿಗೆ ಹೋಗುವ ದಾರಿ ಉದ್ದ.

ಆ ದಾರಿಯಲ್ಲಿ ಎಡವಿದ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಸಿಂಗರೇಣಿ ಕಲ್ಲಿದ್ದಲನ್ನೇ ಅನಿಲ ಮಾಡಿ ಯೂರಿಯಾ ತಯಾರಿಸುವ ಸರ್ಕಾರಿ ಕಾರ್ಖಾನೆ ರಾಮಗುಂಡಂನಲ್ಲಿ 1980ರಲ್ಲಿ ಆರಂಭವಾಯಿತು, 1999ರಲ್ಲಿ ಮುಚ್ಚಿತು. ಅದೇ ಬಗೆಯ ತಾಲ್ಚೇರ್ ಕಾರ್ಖಾನೆಯದೂ ಅದೇ ಗತಿ. 2021ರಲ್ಲಿ ರಾಮಗುಂಡಂನಲ್ಲಿ ಮತ್ತೆ ಯೂರಿಯಾ ಹೊರಬಂತು. ಈ ಸಲ ಸುತ್ತ ಗಣಿಗಳಿದ್ದರೂ ಕೊಳವೆಯಲ್ಲಿ ನೈಸರ್ಗಿಕ ಅನಿಲ ತರಿಸಿಕೊಂಡು.

ಶಕ್ತಿನಗರದ ಒಂದು ದಿನದ ಕಲ್ಲಿದ್ದಲು

ಈಗ ಆ ರೈತನ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಹುಡುಕೋಣ. ಶಕ್ತಿನಗರದ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. 210 ಮೆಗಾವಾಟಿನ ಏಳು ಘಟಕ, 250ರ ಒಂದು. ಎಲ್ಲವೂ ಪೂರ್ತಿ ನಡೆದರೆ ದಿನಕ್ಕೆ ಸುಮಾರು 4.1 ಕೋಟಿ ಯೂನಿಟ್. ಯೂನಿಟ್ಟಿಗೆ 700 ಗ್ರಾಂ ಕಲ್ಲಿದ್ದಲು ಎಂದು ಹಿಡಿದರೆ ದಿನಕ್ಕೆ 29,000 ಟನ್ನಿನ ಹತ್ತಿರ. ರೇಕ್ ಲೆಕ್ಕದಲ್ಲಿ ಏಳೆಂಟು. ಅದರಲ್ಲಿ ಹತ್ತು ಸಾವಿರ ಟನ್ ಬರೀ ಬೂದಿ.

ಅಷ್ಟನ್ನೂ ವಿದ್ಯುತ್ತಿನ ಬದಲು ಎಣ್ಣೆ ಮಾಡಿದರೆ? ಸೆಕುಂಡಾದ ಅಂಕಿಗಳನ್ನು ಭಾಗಿಸಿದರೆ ಟನ್ನಿಗೆ ಒಂದೂವರೆ ಬ್ಯಾರೆಲ್ ಹತ್ತಿರ ಬರುತ್ತದೆ. ನಮ್ಮ ಬೂದಿಗೆ ಸ್ವಲ್ಪ ಕಳೆದು 1.2 ಬ್ಯಾರೆಲ್, ಅಂದರೆ 190 ಲೀಟರ್ ಎಂದುಕೊಳ್ಳೋಣ. ದಿನಕ್ಕೆ ಸುಮಾರು 35,000 ಬ್ಯಾರೆಲ್, 55 ಲಕ್ಷ ಲೀಟರ್. ಕೇಳಲು ದೊಡ್ಡದು. ದೇಶ ದಿನಕ್ಕೆ ಬಳಸುವುದು 50 ಲಕ್ಷ ಬ್ಯಾರೆಲ್ಲಿಗೂ ಹೆಚ್ಚು. ರಾಜ್ಯದ ಇಷ್ಟು ದೊಡ್ಡ ವಿದ್ಯುತ್ ಕೇಂದ್ರದ ಇಡೀ ಕಲ್ಲಿದ್ದಲು ಕೊಟ್ಟರೂ ನೂರಕ್ಕೆ ಒಂದು ಪಾಲು ತುಂಬುವುದಿಲ್ಲ.

ನೀರಿನದೇ ದೊಡ್ಡ ತೊಡಕು ಎನ್ನುವವರಿದ್ದಾರೆ. ಒಂದು ಲೀಟರ್ ಎಣ್ಣೆಗೆ ಐದರಿಂದ ಹತ್ತು ಲೀಟರ್ ನೀರು ಬೇಕು ಎಂಬುದು ಸಾಮಾನ್ಯ ಅಂದಾಜು. ಏಳು ಎಂದು ಹಿಡಿದರೆ ದಿನಕ್ಕೆ ಸುಮಾರು 4 ಕೋಟಿ ಲೀಟರ್, ವರ್ಷಕ್ಕೆ ಅರ್ಧ ಟಿಎಂಸಿ. ಅಷ್ಟೇ ಕಲ್ಲಿದ್ದಲು ಸುಡುವ ಶಾಖೋತ್ಪನ್ನ ಕೇಂದ್ರ ಯೂನಿಟ್ಟಿಗೆ ಮೂರು ಲೀಟರಿನಂತೆ ಇದಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ಪ್ರಮಾಣವೊಂದನ್ನೇ ಹಿಡಿದು ವಿರೋಧಿಸುವುದು ಸರಿಯಾಗದು. ಕಷ್ಟವಿರುವುದು ಕಾಲದಲ್ಲಿ. ಗ್ಯಾಸಿಫೈಯರನ್ನು ಏಪ್ರಿಲ್ ಮೇ ತಿಂಗಳಲ್ಲಿ ನೀರಿಲ್ಲವೆಂದು ನಿಲ್ಲಿಸಿ, ಮಳೆ ಬಂದ ಮೇಲೆ ಹಚ್ಚುವ ಹಾಗಿಲ್ಲ. ತುಂಗಭದ್ರಾ ಜಲಾಶಯ 130 ಟಿಎಂಸಿಗೂ ಹೆಚ್ಚು ಸಾಮರ್ಥ್ಯದಿಂದ ಹೂಳು ತುಂಬಿ 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಎರಡನೇ ಬೆಳೆಯ ಗತಿಯೇನೆಂದು ಎಡದಂಡೆ, ಬಲದಂಡೆಯ ರೈತರು ಕಂಗಾಲಾದರು. ಕಾಲುವೆಯ ಕೊನೆಭಾಗದವರಿಗೆ ನೀರು ಮುಟ್ಟದ ನಾಡಿನಲ್ಲಿ, ವರ್ಷದ ಎಲ್ಲ ದಿನವೂ ನೀರು ಬೇಕೆನ್ನುವ ಮತ್ತೊಂದು ಬಾಯಿಗೆ ಜಾಗ ಎಲ್ಲಿದೆ?

ಹೊಗೆಯ ಲೆಕ್ಕ ಇದಕ್ಕಿಂತ ಕಠಿಣ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಕಲ್ಲಿದ್ದಲಿನ ಡೀಸೆಲ್ ಉರಿದಾಗಲೂ ಅಷ್ಟೇ. ಆದರೆ ಅದು ಪಂಪಿಗೆ ಬರುವ ಮೊದಲೇ ಕಾರ್ಖಾನೆಯಲ್ಲಿ ಅಷ್ಟೇ ಅಥವಾ ಅದಕ್ಕೂ ಹೆಚ್ಚು ಹೊಗೆ ಬಿಟ್ಟಿರುತ್ತದೆ. ಗಣಿಯಿಂದ ಗಾಲಿಯವರೆಗೆ ಕೂಡಿಸಿದರೆ ಸಾಮಾನ್ಯ ಡೀಸೆಲ್ಲಿನ ದುಪ್ಪಟ್ಟು ಅಥವಾ ಇನ್ನೂ ಹೆಚ್ಚು. ಆ ಅನಿಲವನ್ನು ಹಿಡಿದು ನೆಲದಾಳಕ್ಕೆ ಇಳಿಸಬಹುದು ಎನ್ನುತ್ತಾರೆ. ಓರ್ಡೋಸ್‌ನಲ್ಲಿ ಪ್ರಯೋಗಕ್ಕೆಂದು ಸುಮಾರು 3 ಲಕ್ಷ ಟನ್ ಇಳಿಸಿದ್ದಾರೆ. ಅದಕ್ಕೆ ರಂಧ್ರಗಳುಳ್ಳ ಮರಳುಗಲ್ಲು, ಮೇಲೆ ಬಿಗಿಯಾದ ಮುಚ್ಚಿಗೆಯ ಪದರ ಬೇಕು. ರಾಯಚೂರು, ಕೊಪ್ಪಳದ ಕೆಳಗಿರುವುದು ಗಟ್ಟಿ ಗ್ರಾನೈಟು ಮತ್ತು ನೈಸ್ ಶಿಲೆ. ಇಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಆ ಕಲ್ಲಿನ ಗುಣ ಗೊತ್ತು.

ಕೊನೆಗೆ ದೂರದ ಲೆಕ್ಕ. ನನ್ನ ಮಟ್ಟಿಗೆ ಈ ಚರ್ಚೆಯನ್ನು ತೀರ್ಮಾನಿಸುವುದು ಇದೇ. ಒಂದು ಟನ್ ಕಲ್ಲಿದ್ದಲಿನಿಂದ 190 ಲೀಟರ್ ಎಣ್ಣೆ ಬಂತು. ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರಿಗೆ ಹಾಕಿದರೆ ಎಂಟೂವರೆ ಸಾವಿರ ಕಿಲೋಮೀಟರ್. ಅದೇ ಟನ್ ಶಕ್ತಿನಗರದಲ್ಲಿ ಉರಿದರೆ 1,400 ಯೂನಿಟ್. ಕೇಂದ್ರದ ಸ್ವಂತ ಬಳಕೆ, ತಂತಿಯ ನಷ್ಟ ಎಲ್ಲ ಕಳೆದು ಮನೆಗೆ ಮುಟ್ಟುವುದು 1,100 ಎಂದುಕೊಳ್ಳಿ. ಯೂನಿಟ್ಟಿಗೆ 27 ಕಿಲೋಮೀಟರ್ ಓಡುವ ವಿದ್ಯುತ್ ಸ್ಕೂಟರ್ ಅದರಲ್ಲಿ 30,000 ಕಿಲೋಮೀಟರ್ ಹೋಗುತ್ತದೆ. ಮೂರೂವರೆ ಪಟ್ಟು. ಪೆಟ್ರೋಲ್ ಆಮದು ತಗ್ಗಿಸುವುದೇ ಗುರಿಯಾದರೆ ಈಗಿರುವ ವಿದ್ಯುತ್ ಕೇಂದ್ರವೇ ಎಣ್ಣೆ ಕಾರ್ಖಾನೆಗಿಂತ ಮೇಲು, ಬಿಸಿಲಿನ ವಿದ್ಯುತ್ ಇನ್ನೂ ಮೇಲು. ನಮ್ಮ ಜಿಲ್ಲೆಗಳಿಗೆ ಬಿಸಿಲಿನ ಬಡತನವಂತೂ ಇಲ್ಲ. ಭತ್ತದ ಗದ್ದೆಯ ಕೊಯ್ಲು ಯಂತ್ರ, ಅದಿರಿನ ಲಾರಿ, ವಿಮಾನ ಇವು ಬ್ಯಾಟರಿಗೆ ಸುಲಭವಾಗಿ ಬಗ್ಗುವುದಿಲ್ಲ ಎಂಬುದು ನಿಜ. ಆದರೆ ಎರಡು ಗಾಲಿ, ಮೂರು ಗಾಲಿ, ಕಾರು, ಊರ ಬಸ್ಸು ವಿದ್ಯುತ್ತಿಗೆ ಹೋದಷ್ಟೂ ಅವುಗಳಿಗೆ ಬೇಕಾದ ಎಣ್ಣೆಯ ಭಾರ ಕಡಿಮೆಯಾಗುತ್ತದೆ.

ಕೇಂದ್ರ ಸರ್ಕಾರದ ಮಾತೂ ಈಗ ಡೀಸೆಲ್ಲಿನಿಂದ ಸರಿದು ಅನಿಲೀಕರಣದ ಕಡೆ ಬಂದಿದೆ. 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲ ಮಾಡುವ ಗುರಿ ಇಟ್ಟುಕೊಂಡು, 2024ರ ಜನವರಿಯಲ್ಲಿ 8,500 ಕೋಟಿ ರೂಪಾಯಿಯ ನೆರವು ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಕಾರ್ಖಾನೆಗಳು ಏಳುವುದು ಗಣಿಯ ಹತ್ತಿರ, ನಮ್ಮಲ್ಲಲ್ಲ. ಆದರೂ ನಮಗೆ ಸಂಬಂಧವಿದೆ. 2021ರ ಅಕ್ಟೋಬರಿನಲ್ಲಿ ದೇಶಕ್ಕೆಲ್ಲ ಕಲ್ಲಿದ್ದಲು ಕೊರತೆಯಾದಾಗ ಶಕ್ತಿನಗರದಲ್ಲೂ ಘಟಕಗಳು ನಿಂತಿದ್ದವು. ಅದೇ ಗಣಿಗಳಿಗೆ ಇನ್ನೊಬ್ಬ ದೊಡ್ಡ ಗಿರಾಕಿ ಬರುವಾಗ ನಮ್ಮ ರೇಕ್‌ಗಳ ಪಾಲೇನು ಎಂದು ರಾಜ್ಯ ಈಗಲೇ ಕೇಳಿಟ್ಟುಕೊಳ್ಳಬೇಕು.

ಇನ್ನು ಅನಿಲೀಕರಣವೇ ಬೇಡವೇ? ಹಾಗಲ್ಲ. ಎಣ್ಣೆಗೆ ಒಂದಕ್ಕೆ ಎರಡು ಹೈಡ್ರೋಜನ್ ಬೇಕೇ ಬೇಕು. ಅದಿರಿನಿಂದ ಆಮ್ಲಜನಕ ಕೀಳಲು ಕಾರ್ಬನ್ ಮಾನಾಕ್ಸೈಡೇ ಸಾಕು, ಹೈಡ್ರೋಜನ್ ಇದ್ದಷ್ಟು ಇದ್ದರೂ ನಡೆಯುತ್ತದೆ. ಎಣ್ಣೆಗೆ ಕೊರತೆಯಾದ ಅನಿಲ ಕಬ್ಬಿಣಕ್ಕೆ ಕೊರತೆಯೇ ಅಲ್ಲ. ಒಡಿಶಾದ ಅಂಗುಲ್‌ನಲ್ಲಿ ಬೂದಿ ಹೆಚ್ಚಿರುವ ಅಲ್ಲಿನ ಕಲ್ಲಿದ್ದಲನ್ನೇ ಅನಿಲ ಮಾಡಿ ಸ್ಪಾಂಜ್ ಐರನ್, ಅಂದರೆ ಅದಿರನ್ನು ಕರಗಿಸದೆಯೇ ಆಮ್ಲಜನಕ ಕಳೆದು ಪಡೆದ ಕಬ್ಬಿಣ, ತಯಾರಿಸುತ್ತಾರೆ. ತೋರಣಗಲ್ಲಿನಲ್ಲೂ ಕೋರೆಕ್ಸ್ ಅನಿಲದಿಂದ ಸ್ಪಾಂಜ್ ಐರನ್ ಮಾಡುವ ಘಟಕ ಇದೆ. ಅದೇ ಹೊತ್ತಿಗೆ ಬಳ್ಳಾರಿಯ ಸುತ್ತ, ಕೊಪ್ಪಳದ ಗಿಣಿಗೇರಾ, ಹಿರೇಬಗನಾಳ ಕಡೆ ಹತ್ತಾರು ಸಣ್ಣ ಕಾರ್ಖಾನೆಗಳು ಉದ್ದನೆಯ ತಿರುಗುವ ಕುಲುಮೆಯಲ್ಲಿ ಅದಿರಿನ ಜೊತೆ ಕಲ್ಲಿದ್ದಲನ್ನೇ ಹಾಕಿ ಸುಡುತ್ತಿವೆ. ಹತ್ತಿಯ ಹೊಲದಲ್ಲಿ ಬಿಳಿ ಅರಳೆ ಕಪ್ಪಾಗುತ್ತದೆ, ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗೆ ಮಸಿ ಕೂರುತ್ತದೆ, ಮಕ್ಕಳು ಕೆಮ್ಮುತ್ತಾರೆ. ಒಂದೊಂದು ಸಣ್ಣ ಕಾರ್ಖಾನೆಗೆ ಸ್ವಂತ ಗ್ಯಾಸಿಫೈಯರ್, ಆಮ್ಲಜನಕ ಘಟಕ ಹಾಕುವ ಶಕ್ತಿಯಿಲ್ಲ. ಹತ್ತಾರು ಕಾರ್ಖಾನೆಗಳಿಗೆ ಒಂದೇ ಅನಿಲ ಘಟಕ ಇರಲು ಸಾಧ್ಯವೇ, ಬೂದಿ ಒಂದೇ ಕಡೆ ಉಳಿಯುವಂತೆ, ಅನಿಲ ಕೊಳವೆಯಲ್ಲಿ ಹೋಗುವಂತೆ ಮಾಡಲು ಖರ್ಚೆಷ್ಟು, ಆ 8,500 ಕೋಟಿಯಲ್ಲಿ ಇಂಥದ್ದಕ್ಕೆ ಪಾಲಿದೆಯೇ? ನಮ್ಮ ಸಂಸದರು, ಶಾಸಕರು ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಕೇಳಬೇಕಾದ ಪ್ರಶ್ನೆ ಇದು. ಡೀಸೆಲ್ ಕಾರ್ಖಾನೆಯ ಕನಸಿಗಿಂತ ಇದಕ್ಕೆ ಉತ್ತರ ಸಿಕ್ಕರೆ ಗಿಣಿಗೇರಾದವರಿಗೆ ಹೆಚ್ಚು ಉಪಯೋಗ.